ಮೊಟ್ಟೆಯಲ್ಲಿ ಒಮೇಗಾ-3 ಹೆಚ್ಚಿಸಲು ಅಗಸೆ ಬೀಜ: ಎಷ್ಟು, ಹೇಗೆ?

ಮೊಟ್ಟೆ ಕೋಳಿಯ 100 ಕೆಜಿ ಮೇವಿನಲ್ಲಿ ಅಗಸೆ ಬೀಜ 10 ಕೆಜಿ ದಾಟಬಾರದು. ದಾಟಿದರೆ ಹಿಕ್ಕೆ ಅಂಟಂಟಾಗುತ್ತದೆ, ಮೊಟ್ಟೆಗೆ ಮೀನಿನ ವಾಸನೆ ಹತ್ತುತ್ತದೆ. ಕಂದು ಮೊಟ್ಟೆಯ ಕೆಲವು ತಳಿಗಳಲ್ಲಿ ಈ ವಾಸನೆ ಇನ್ನೂ ಹೆಚ್ಚು. ಮೊದಲ ವಾರ 3 ಕೆಜಿ, ಎರಡನೇ ವಾರ 6, ಆಮೇಲೆ 10.

ತಯಾರಾದ ಲೇಯರ್ (ಮೊಟ್ಟೆ ಕೋಳಿ) ಮೇವಿಗೇ ಬೆರೆಸುವವರು ಒಂದು ಗಮನಿಸಿ: ಅದರಲ್ಲಿನ ಕ್ಯಾಲ್ಸಿಯಂ ಪ್ರಮಾಣ ಇಳಿದು ಮೊಟ್ಟೆ ಸಿಪ್ಪೆ ತೆಳುವಾಗುತ್ತದೆ. ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಡಬ್ಬಿಯಲ್ಲಿಡಿ, ಬೇಕಾದಷ್ಟು ತಿನ್ನುತ್ತವೆ.

ಪುಡಿ ಮಾಡಿದ ಅಗಸೆ ಗಾಳಿ ತಾಕಿದರೆ ಬೇಗ ಕಮಟುತ್ತದೆ. ಕಮಟಿದ್ದನ್ನು ದಯವಿಟ್ಟು ಹಾಕಲೇಬೇಡಿ. ಮೂರ್ನಾಲ್ಕು ದಿನಕ್ಕಾಗುವಷ್ಟೇ ಪುಡಿ ಮಾಡಿ, ವಿಟಮಿನ್ ಇ ಸೇರಿಸಿ. ಹಳದಿ ಭಾಗದಲ್ಲಿ ಒಮೇಗಾ-3 ಪೂರ್ತಿ ಏರಲು ಎರಡು ಮೂರು ವಾರ ಹಿಡಿಯುತ್ತದೆ. ಅಗಸೆ ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ.