ಗೋಬಿ ಕೆಂಪಗಾಗೋಕೆ ಬಣ್ಣದ ಪುಡಿ ಬೇಡ, ಬ್ಯಾಡಗಿ ಸಾಕು

ಹೂಕೋಸು ಬಿಳಿ, ಮೈದಾ ಬಿಳಿ, ಕರಿದರೆ ಬರೋದು ಕಂದು ಬಣ್ಣ. ಹಾಗಿದ್ದರೆ ಗಾಡಿಯ ಗೋಬಿ ಅಷ್ಟು ಕೆಂಪಗೆ ಯಾಕಿರುತ್ತೆ? ಬಣ್ಣ ಸುರಿದಿರುತ್ತಾರೆ. ಅದರಿಂದ ರುಚಿ ಏನೂ ಹೆಚ್ಚಲ್ಲ. ಕೆಂಪಗಿದ್ದರೆ ಮಸಾಲೆ ಚೆನ್ನಾಗಿ ಹಿಡಿದಿದೆ ಅಂತ ನಮಗೆ ಅನ್ನಿಸುತ್ತೆ, ಅಷ್ಟೇ. ಬಾಟಲಿ ಜ್ಯೂಸಿಗೂ ಇದೇ ಲೆಕ್ಕ: ಕಿತ್ತಳೆ ಬಣ್ಣ ಗಾಢವಾಗಿದ್ದರೆ ಹಣ್ಣು ಜಾಸ್ತಿ ಇದೆ ಅಂದ್ಕೋತೀವಿ.

ಕೆಲವು ಬಣ್ಣಗಳಿಗೆ ಮಿತಿಯೊಳಗೆ ಅನುಮತಿ ಇದೆ. ಆದರೆ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನೇ ನಿಷೇಧಿಸಿತು. ಮಕ್ಕಳು ಆಸೆಪಟ್ಟು ತಿನ್ನೋದು ಇವನ್ನೇ, ಅದಕ್ಕೇ ಇಷ್ಟು ಹೇಳ್ತಿದ್ದೀನಿ.

ಮನೆಯಲ್ಲಿ ಹೀಗೆ ಮಾಡಿ. ಏಳೆಂಟು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಸುಕ್ಕು ಸಿಪ್ಪೆ ಉಬ್ಬಿ ಮೆತ್ತಗಾಗುತ್ತೆ. ನುಣ್ಣಗೆ ರುಬ್ಬಿ ಸೋಸಿ, ಹಿಟ್ಟಿಗೂ ಸಾಸಿಗೂ ಕಲಸಿ. ಖಾರ ಕಮ್ಮಿ, ಬಣ್ಣ ಜೋರು. ಅಂಗಡಿಯಷ್ಟು ಕಡುಗೆಂಪು ಬರಲ್ಲ, ಬರಬೇಕಾಗಿಯೂ ಇಲ್ಲ.

ಖಾರದ ಪುಡಿ ಕೊಂಡರೆ ಒಂದು ಚಿಟಿಕೆ ನೀರಿನ ಲೋಟದ ಮೇಲೆ ಉದುರಿಸಿ ನೋಡಿ. ಕೂಡಲೇ ಬಣ್ಣದ ಗೆರೆಗಳು ಕೆಳಗಿಳಿದರೆ ಬಳಸಬೇಡಿ.