ಬಿಟ್‌ಕಾಯಿನ್ ಎಷ್ಟು ಕರೆಂಟು ತಿನ್ನುತ್ತದೆ: ಮೀಟರ್ ಇಟ್ಟು ತೋರಿಸುವ ಬಗೆ

ವಿಜಯಪುರದಲ್ಲಿ ಹೊಸಬರಿಗೆ ಬಿಟ್‌ಕಾಯಿನ್ ವಿವರಿಸುವಾಗ ನಾನು ಮಾತು ಶುರು ಮಾಡುವುದು ದುಡ್ಡಿನಿಂದಲ್ಲ, ಕರೆಂಟಿನಿಂದ. ಪೈಥಾನ್ ಇರುವ ಲ್ಯಾಪ್‌ಟಾಪ್, ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇದ್ದರೆ ಸಾಕು. ಬ್ಯಾಟರಿ ಮೊದಲೇ ಪೂರ್ತಿ ಚಾರ್ಜ್ ಆಗಿರಬೇಕು, ಇಲ್ಲದಿದ್ದರೆ ಚಾರ್ಜಿಂಗ್‌ನ ವ್ಯಾಟ್ ಲೆಕ್ಕದೊಳಗೆ ನುಸುಳುತ್ತದೆ.

ಪೈಥಾನ್‌ನ ಹ್ಯಾಶ್‌ಲಿಬ್‌ನಲ್ಲಿ ಎಸ್‌ಎಚ್‌ಎ-256 ಎಂಬ ಸೂತ್ರವಿದೆ, ಯಾವ ಪದ ಕೊಟ್ಟರೂ ಅದು ‘ಹ್ಯಾಶ್’ ಎಂಬ ನಿಗದಿತ ಉದ್ದದ ಸಾಲೊಂದನ್ನು ಕೊಡುತ್ತದೆ. ಅದಕ್ಕೆ ‘ಗೋಳಗುಮ್ಮಟ-1’, ‘ಗೋಳಗುಮ್ಮಟ-2’ ಎಂದು ಅಂಕಿ ಏರಿಸುತ್ತ ಕೊಡಿ. ಪದವನ್ನು ಮೊದಲು ಯುಟಿಎಫ್-8 ಬೈಟ್‌ಗಳಾಗಿ ಎನ್‌ಕೋಡ್ ಮಾಡದಿದ್ದರೆ ಎರರ್ ಬರುತ್ತದೆ. ಪ್ರತಿ ಸಲ 64 ಅಕ್ಷರಗಳ ಸಾಲೊಂದು ಸಿಗುತ್ತದೆ. ಅಂಕಿ ಒಂದೇ ಬದಲಾದರೂ ಸಾಲು ಪೂರ್ತಿ ಬೇರೆ. ಬಿಟ್‌ಕಾಯಿನ್ ಯಂತ್ರಗಳು ಮಾಡುವುದೂ ಇದನ್ನೇ: ಸಾಲು ಸೊನ್ನೆಗಳಿಂದ ಶುರುವಾಗಬೇಕು ಎಂಬುದು ಷರತ್ತು, ಅಂಥ ಸಾಲು ಕೊಡುವ ಅಂಕಿ ಸಿಗುವವರೆಗೆ ಹುಡುಕಾಟ. 4 ಸೊನ್ನೆಗೆ ಸರಾಸರಿ 65,536 ಪ್ರಯತ್ನ ಬೇಕು, 5ಕ್ಕೆ 10,48,576, 6ಕ್ಕೆ 1,67,77,216. ನಾಲ್ಕು ಸೊನ್ನೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತವೆ. ಆರಕ್ಕೆ ಹೋದಾಗ ಫ್ಯಾನ್ ಸದ್ದು ಮಾಡುತ್ತದೆ, ಮೀಟರಿನ ಅಂಕಿ ಏರಿ ಅಲ್ಲೇ ನಿಲ್ಲುತ್ತದೆ. ಒಂದೇ ಸಲ ಓಡಿಸಿ ನಂಬಬೇಡಿ, ಅದೃಷ್ಟವಿದ್ದರೆ ಆರು ಸೊನ್ನೆ ಐದಕ್ಕಿಂತ ಬೇಗ ಸಿಕ್ಕೀತು. ಅದೇ ಪದಕ್ಕೆ ಪ್ರತಿ ಸಲ ಅದೇ ಉತ್ತರ ಬರುವುದರಿಂದ, ಪದ ಬದಲಿಸುತ್ತ ಹತ್ತು ಸಲ ಓಡಿಸಿ ಸರಾಸರಿ ತೆಗೆಯಿರಿ.

‘ಬಿಟ್‌ಕಾಯಿನ್ ಯಂತ್ರ ಕಠಿಣ ಗಣಿತ ಬಿಡಿಸುತ್ತದೆ’ ಎನ್ನುವ ವಿವರಣೆ ಇಲ್ಲಿಗೆ ಬಿದ್ದುಹೋಗುತ್ತದೆ. ನಡೆಯುವುದು ಬರೀ ಊಹೆ. ಸಿಕ್ಕ ಅಂಕಿಯನ್ನು ಪರೀಕ್ಷಿಸಲು ಮಾತ್ರ ಒಂದೇ ಹ್ಯಾಶ್ ಸಾಕು. ಹುಡುಕುವುದು ದುಬಾರಿ, ಪರೀಕ್ಷೆ ಅಗ್ಗ. ಹಳೆಯ ವ್ಯವಹಾರದ ಲೆಕ್ಕ ತಿದ್ದಹೊರಟವನು ಆ ಹುಡುಕಾಟವನ್ನೆಲ್ಲ ಮತ್ತೆ ಮಾಡಬೇಕು, ಬಿಟ್‌ಕಾಯಿನ್ ಜಾಲದ ಭದ್ರತೆ ನಿಂತಿರುವುದೇ ಇದರ ಮೇಲೆ.

ಯಂತ್ರ ಸುಧಾರಿಸಿದರೆ ಕರೆಂಟು ಉಳಿಯುವುದಿಲ್ಲವೇ ಎಂದು ಕೇಳುತ್ತಾರೆ. ಉಳಿಯುವುದಿಲ್ಲ. ವ್ಯವಹಾರಗಳನ್ನು ಕಂತೆ ಕಟ್ಟಿ ಬರೆದಿಡುವ ಒಂದೊಂದು ಪುಟವೇ ಬ್ಲಾಕ್, ಪ್ರತಿ ಬ್ಲಾಕ್‌ಗೂ ಈ ಹುಡುಕಾಟ ಬೇಕು. ಪ್ರತಿ 2016 ಬ್ಲಾಕ್‌ಗೊಮ್ಮೆ ಜಾಲ ತಾನೇ ಷರತ್ತು ಬಿಗಿ ಅಥವಾ ಸಡಿಲ ಮಾಡಿ, ಬ್ಲಾಕ್‌ಗೆ ಸುಮಾರು 10 ನಿಮಿಷ ಹಿಡಿಯುವಂತೆ ನೋಡಿಕೊಳ್ಳುತ್ತದೆ. ಅಂಕಿ ಮೊದಲು ಹುಡುಕಿದವರಿಗೆ 2024ರ ಏಪ್ರಿಲ್‌ನಿಂದ ಬ್ಲಾಕ್‌ಗೆ 3.125 ಬಿಟ್‌ಕಾಯಿನ್ ಬಹುಮಾನ. ಅದರ ಬೆಲೆ ಏರಿದಷ್ಟೂ ಹೆಚ್ಚು ಯಂತ್ರಗಳು ಕಣಕ್ಕಿಳಿಯುತ್ತವೆ. ಬ್ಲಾಕ್ ಖಾಲಿಯಿದ್ದರೂ ತುಂಬಿದ್ದರೂ ಹುಡುಕಾಟ ಅಷ್ಟೇ, ಆದ್ದರಿಂದ ‘ಒಂದು ವ್ಯವಹಾರಕ್ಕೆ ಇಷ್ಟು ಯೂನಿಟ್’ ಎಂಬ ಲೆಕ್ಕ ನಾನು ಹೇಳಿಕೊಡುವುದಿಲ್ಲ.

ಒಟ್ಟು ಬಳಕೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಅಂದಾಜಿನಂತೆ ವರ್ಷಕ್ಕೆ 10,000 ಕೋಟಿ ಯೂನಿಟ್‌ಗೂ ಹೆಚ್ಚು. ನಮ್ಮ ಕೂಡಗಿಯ 2400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ವರ್ಷವಿಡೀ ಪೂರ್ತಿ ಓಡಿದರೂ ಸುಮಾರು 2,100 ಕೋಟಿ ಯೂನಿಟ್. ಎಲ್ಲ ಕ್ರಿಪ್ಟೋ ಹೀಗಲ್ಲ: ಎಥೀರಿಯಮ್ 2022ರ ಸೆಪ್ಟೆಂಬರ್‌ನಲ್ಲಿ ಈ ಹುಡುಕಾಟವನ್ನೇ ಕೈಬಿಟ್ಟಿತು, ಅದರ ಬಳಕೆ ಶೇ. 99ಕ್ಕೂ ಹೆಚ್ಚು ಇಳಿಯಿತು.

ಕೊನೆಗೆ ಮನೆಯಲ್ಲಿ ಮೈನಿಂಗ್, ಅಂದರೆ ಬಹುಮಾನಕ್ಕಾಗಿ ಈ ಹುಡುಕಾಟ, ಮಾಡಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆಂದೇ ಮಾಡಿದ ಆಂಟ್‌ಮೈನರ್ ಎಸ್21 ಯಂತ್ರ ಎಳೆಯುವುದು 3500 ವ್ಯಾಟ್: ದಿನಕ್ಕೆ 84 ಯೂನಿಟ್, ತಿಂಗಳಿಗೆ 2,520. ಯೂನಿಟ್‌ಗೆ ₹7 ಹಿಡಿದರೂ ₹17,640. 220 ವೋಲ್ಟ್‌ನಲ್ಲಿ 16 ಆಂಪಿಯರ್ ಹತ್ತಿರ ಬರುತ್ತದೆ, ಮನೆಯ ಸಾಕೆಟ್ ಹಗಲು ರಾತ್ರಿ ಅಷ್ಟು ತಾಳಿಕೊಳ್ಳುವಂಥದ್ದಲ್ಲ. ಆ 3500 ವ್ಯಾಟ್ ಪೂರ್ತಿ ಶಾಖವಾಗಿ ಕೋಣೆಗೇ ಬರುತ್ತದೆ, ನಮ್ಮ ಏಪ್ರಿಲ್ ಬಿಸಿಲಿನ ಮೇಲೆ. ಲಾಭ ಬಂದರೆ ಶೇ. 30 ತೆರಿಗೆ, ಕರೆಂಟ್ ಬಿಲ್ಲನ್ನು ಅದರಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ.