ಎಲೆಗೆ ಬಣ್ಣ ಹಚ್ಚದೆ ಎಲೆ ಮೂಡಿಸುವುದು

ಐದಾರು ವರ್ಷದ ಮಕ್ಕಳಿಗೆ ಪಾಸಿಟಿವ್ ಸ್ಪೇಸ್ (ವಸ್ತು ತುಂಬಿದ ಜಾಗ), ನೆಗೆಟಿವ್ ಸ್ಪೇಸ್ (ಅದರ ಸುತ್ತಲಿನ, ಸಂದಿಯ ಖಾಲಿ ಜಾಗ) ಎಂದು ಮೊದಲೇ ಹೇಳಲು ಹೋಗಬೇಡಿ. ಒಂದು ಚಹಾ ಕಪ್ಪು ಮುಂದಿಡಿ. ಹಿಡಿಯ ಸಂದಿಯಲ್ಲಿ ಬೆರಳು ತೂರಿಸಲಿ. "ಈ ಖಾಲಿ ಜಾಗದ ಆಕಾರ ಯಾವುದು?" ಎಂದು ಕೇಳಿ. ಒಬ್ಬರು ಕಿವಿ ಅನ್ನುತ್ತಾರೆ, ಇನ್ನೊಬ್ಬರು ಅರ್ಧ ಚಂದ್ರ ಅನ್ನುತ್ತಾರೆ. ಖಾಲಿ ಜಾಗಕ್ಕೂ ಆಕಾರ ಇದೆ ಅಂತ ಗೊತ್ತಾಯಿತಲ್ವಾ, ಸಾಕು. ಈಗ ಬ್ರಷ್ ಕೊಡಿ.

ಇದನ್ನು ಕಲಿಸಲು ವಾಟರ್ ಕಲರ್ ಬಿಟ್ಟರೆ ಬೇರೆ ಇಲ್ಲ ಎನ್ನುವಷ್ಟು ನನಗೆ ಅದರ ಮೇಲೆ ನಂಬಿಕೆ. ಮಹಾರಾಷ್ಟ್ರದ ಬುಡಕಟ್ಟು ಕಲೆಯಾದ ವಾರ್ಲಿ ಚಿತ್ರದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಿಂದ ಬಿಳಿ ಬರೆಯುತ್ತಾರೆ. ವಾಟರ್ ಕಲರಿನಲ್ಲಿ ಹಾಗಲ್ಲ, ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಬೇಕು. ಪೋಸ್ಟರ್ ಕಲರ್ ಆದರೆ ಮೇಲೆ ಬಿಳಿ ಬಳಿದು ಮುಚ್ಚಿಬಿಡುತ್ತಾರೆ, ಸುತ್ತಲಿನ ಜಾಗದ ಕಡೆ ಕಣ್ಣೇ ಹೋಗುವುದಿಲ್ಲ.

ಸ್ಕೂಲಿನ ಡ್ರಾಯಿಂಗ್ ಬುಕ್ಕಿನ ಹಾಳೆ ನೀರಿಗೆ ಉಬ್ಬುತ್ತದೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ತಂದು, ಎ4 ಅನ್ನು ಅರ್ಧ ಮಾಡಿ, ಪರೀಕ್ಷೆ ಪ್ಯಾಡಿಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಕ್ಯಾಮೆಲ್ ಬ್ರ್ಯಾಂಡಿನ ವಾಟರ್ ಕಲರ್ ಡಬ್ಬಿ, 8ನೇ ನಂಬರಿನ ರೌಂಡ್ ಬ್ರಷ್ ಇದ್ದರಾಯಿತು. ಮುಂಬೈಯ ನಮ್ಮ ಮಾಟುಂಗಾದ ಮಕ್ಕಳು ಫೈವ್ ಗಾರ್ಡನ್ಸ್ ಉದ್ಯಾನದ ಕಡೆಯಿಂದ ಎಲೆ ಹೆಕ್ಕಿ ತರುತ್ತಾರೆ. ಅರಳಿ ಎಲೆ ಸಿಕ್ಕರೆ ಬಹಳ ಒಳ್ಳೆಯದು, ಅದರ ಅಂಚು ಸ್ಪಷ್ಟ. ಗುಲ್‌ಮೊಹರಿನ ಚಿಕ್ಕ ಚಿಕ್ಕ ಎಲೆ ಈ ವಯಸ್ಸಿಗೆ ಬೇಡ.

ಎರಡು ಹಾಳೆಯ ಮೇಲೂ ಅದೇ ಎಲೆ ಇಟ್ಟು ಪೆನ್ಸಿಲಿನಲ್ಲಿ ತೆಳ್ಳಗೆ ಗೆರೆ ಎಳೆಯಲಿ. ಮೊದಲ ಹಾಳೆಯಲ್ಲಿ ಎಲೆಗೆ ಬಣ್ಣ. ಅದು ಮಕ್ಕಳಿಗೆ ಸಲೀಸು.

ನಿಜವಾದ ಪಾಠ ಎರಡನೆಯದರಲ್ಲಿ. ಬಣ್ಣ ಆಮೇಲೆ, ಮೊದಲು ಬರೀ ನೀರು. ಎಲೆಯ ಒಳಗೆ ಹನಿಯೂ ಬೀಳದಂತೆ, ಗೆರೆಯ ಹೊರಗೆ ಪೂರ್ತಿ ನೀರು ಹಚ್ಚಲಿ. ಪ್ಯಾಡನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ತೋರಿಸಿ: ಸುತ್ತ ಮಿರಿಮಿರಿ, ನಡುವೆ ಒಣಗಿದ ಎಲೆ. ನೀರು ಗೆರೆ ದಾಟಿದ್ದರೆ ಟಿಶ್ಯೂ ಒತ್ತಿ ಹೀರಿಸಿ, ಅಲ್ಲಿ ಪೂರ್ತಿ ಒಣಗಲಿ. ಈಗ ಬ್ರಷ್ ತುದಿಯಿಂದ ನೀಲಿ ಮುಟ್ಟಿಸಲಿ. ಬಣ್ಣ ನೀರಿನ ಜೊತೆ ಓಡುತ್ತದೆ, ಒಣ ಅಂಚಿಗೆ ಬಂದು ನಿಲ್ಲುತ್ತದೆ. ಆಗ ಮಾತಾಡಬೇಡಿ, ಸುಮ್ನೆ ನೋಡಲು ಬಿಡಿ. "ಆಂಟಿ, ನಾನು ಎಲೆಗೆ ಬಣ್ಣ ಹಚ್ಚೇ ಇಲ್ಲ, ಆದ್ರೂ ಎಲೆ ಬಂತು!" ಎಂದು ಯಾರಾದರೂ ಕೂಗುತ್ತಾರೆ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಪಾಸಿಟಿವ್ ಸ್ಪೇಸ್, ನೆಗೆಟಿವ್ ಸ್ಪೇಸ್ ಎಂಬ ಎರಡು ಹೆಸರು ಹೇಳಿಕೊಡಲು ಅದೇ ಸಮಯ.

ನಾಲ್ಕು ವರ್ಷದವರಿಗೆ ಗೆರೆ ಕಾಯುವುದು ಕಷ್ಟ. ಅವರು ಮೇಣದಬತ್ತಿಯಿಂದ ಒತ್ತಿ ಎಲೆ ತುಂಬಲಿ, ಮೇಲೆ ತೆಳು ಬಣ್ಣ ಬಳಿಯಲಿ. ಮೇಣಕ್ಕೆ ಬಣ್ಣ ಹಿಡಿಯುವುದಿಲ್ಲ.

ಏಳೆಂಟು ವರ್ಷದವರಾದರೆ ನೀಲಿ ಪೂರ್ತಿ ಒಣಗಿದ ಮೇಲೆ ಬಿಳಿ ಎಲೆಯ ಹಿಂದಿನಿಂದ ಇಣುಕುವಂತೆ ಇನ್ನೊಂದು ಎಲೆ ಬರೆಯಿಸಿ, ಎರಡನ್ನೂ ಬಿಟ್ಟು ಸುತ್ತ ಗಾಢ ನೀಲಿ ಹಚ್ಚಿಸಿ. ಮುಂದಿನ ಎಲೆ ಬಿಳಿ, ಹಿಂದಿನದು ತಿಳಿನೀಲಿ. ಮುಂಬೈ ಮಳೆಗಾಲದಲ್ಲಿ ಫ್ಯಾನಿನ ಕೆಳಗೂ ಹಾಳೆ ಬೇಗ ಒಣಗುವುದಿಲ್ಲ, ಹೇರ್ ಡ್ರೈಯರ್ ಇಟ್ಟುಕೊಳ್ಳಿ. ಅಂಗೈಯ ಹಿಂಭಾಗ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಹಸಿ ಇದೆ ಎಂದು ಅರ್ಥ.